‘ಕಠಿಣ’ವೆಂದರೆ ಅಸಾಧ್ಯವಲ್ಲ

ಕಸದ ಲಾರಿಯ ಮಾರ್ಗದಿಂದ ಹಿಡಿದು ಶಿಕ್ಷಕರ ವರ್ಗಾವಣೆಯವರೆಗೆ ಎಲ್ಲಕ್ಕೂ ಕೃತಕ ಬುದ್ಧಿಮತ್ತೆಯೇ ಮದ್ದು ಎಂಬ ಮಾತು ಈಗ ಸಾಮಾನ್ಯವಾಗಿದೆ. ‘ಅತ್ಯುತ್ತಮ ಪರಿಹಾರ’ದ ಭರವಸೆ ನೀಡುವ ಕಂಪನಿಗಳಿವೆ, ‘ಸಮಸ್ಯೆ ಜಟಿಲ’ವೆಂದು ಕಡತ ಮುಚ್ಚುವ ಅಧಿಕಾರಿಗಳೂ ಇದ್ದಾರೆ. ಇಬ್ಬರೂ ಗಣಕ ವಿಜ್ಞಾನದ ಒಂದು ಪದವನ್ನು ಅರಿಯುವುದು ಒಳಿತು: ‘ಎನ್‌ಪಿ-ಹಾರ್ಡ್’.

ಚುನಾವಣೆಯ ಹೊಣೆ ಹೊತ್ತಿದ್ದಾಗ, ಹೆಸರು ತಿಳಿಯದೆಯೇ ನಾನು ಇದನ್ನು ಎದುರಿಸಿದ್ದೆ. ಒಂದು ಜೀಪು 20 ಮತಗಟ್ಟೆಗಳನ್ನು ಸುತ್ತಿ ತಾಲ್ಲೂಕು ಕಚೇರಿಗೆ ಮರಳಬೇಕು. ಅತಿ ಕಡಿಮೆ ದೂರದ ದಾರಿ ಯಾವುದು? ಸೆಕೆಂಡಿಗೆ ನೂರು ಕೋಟಿ ಅನುಕ್ರಮಗಳನ್ನು ಪರೀಕ್ಷಿಸುವ ಯಂತ್ರಕ್ಕೂ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 77 ವರ್ಷ ಬೇಕು. ಇನ್ನೊಂದು ಮತಗಟ್ಟೆ ಸೇರಿದರೆ 1,600 ವರ್ಷ! ನಮ್ಮ ಹಿರಿಯ ಚಾಲಕ ನಕ್ಷೆಯ ಮೇಲೆ ಗೆರೆ ಎಳೆದುಕೊಟ್ಟ. ಮತಪೆಟ್ಟಿಗೆಗಳು ವೇಳೆಗೆ ಸರಿಯಾಗಿ ತಲುಪಿದವು.

ಉತ್ತರ ಕೈಗೆ ಸಿಕ್ಕರೆ ಅದು ಸರಿಯೇ ಎಂದು ಬೇಗ ತಾಳೆ ನೋಡಬಹುದಾದ ಸಮಸ್ಯೆಗಳ ವರ್ಗವೇ ಎನ್‌ಪಿ. ಆ ವರ್ಗದ ಯಾವ ಸಮಸ್ಯೆಗಿಂತಲೂ ಸುಲಭವಲ್ಲದ್ದು ಎನ್‌ಪಿ-ಹಾರ್ಡ್. 1971ರಲ್ಲಿ ಸ್ಟೀಫನ್ ಕುಕ್ ಇದಕ್ಕೆ ಅಡಿಪಾಯ ಹಾಕಿದರು. ಮರುವರ್ಷ ರಿಚರ್ಡ್ ಕಾರ್ಪ್ ಇಂಥ 21 ಸಮಸ್ಯೆಗಳನ್ನು ಒಂದೇ ಸರಪಳಿಯಲ್ಲಿ ಪೋಣಿಸಿದರು. ಒಂದಕ್ಕೆ ಶೀಘ್ರ ವಿಧಾನ ದೊರೆತರೆ ಎಲ್ಲಕ್ಕೂ ದೊರೆತಂತೆ. ಅಂಥ ವಿಧಾನ ಉಂಟೋ ಇಲ್ಲವೋ ಎಂಬುದನ್ನು ಸಾಧಿಸಿದವರಿಗೆ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿದ ಹತ್ತು ಲಕ್ಷ ಡಾಲರ್ ಬಹುಮಾನ ಇನ್ನೂ ಯಾರಿಗೂ ಸಂದಿಲ್ಲ.

ಆದರೆ ಇಲ್ಲಿ ‘ಕಠಿಣ’ ಎಂಬುದು ಎಲ್ಲ ಸಂದರ್ಭಗಳಿಗೂ ಸಲ್ಲುವ ಶೀಘ್ರ ವಿಧಾನದ ಕುರಿತ ಮಾತು. ನಮ್ಮ ಮುಂದಿರುವ ಒಂದು ಸಂದರ್ಭದ ಕುರಿತಲ್ಲ. ಜೀಪಿನ ಪ್ರಶ್ನೆಯಂಥದೇ, 85,900 ಬಿಂದುಗಳ ಸಮಸ್ಯೆಗೆ 2006ರಲ್ಲಿ ಕನಿಷ್ಠ ದೂರದ ದಾರಿಯೇ ಸಿಕ್ಕಿತು. ಊರುಗಳ ನಡುವಿನ ಕನಿಷ್ಠ ದೂರ ಹೋಗಲೂ ಬರಲೂ ಒಂದೇ ಆಗಿದ್ದರೆ, 1976ರಲ್ಲಿ ನಿಕೋಸ್ ಕ್ರಿಸ್ಟೊಫಿಡಿಸ್ ನೀಡಿದ ವಿಧಾನ ಅತ್ಯುತ್ತಮ ದಾರಿಯ ಒಂದೂವರೆ ಪಟ್ಟನ್ನು ಮೀರದ ದಾರಿಯನ್ನು ಬೇಗನೆ ಕೊಡುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಅಪರಿಚಿತವಲ್ಲ. ಮನುಷ್ಯ ಅತ್ಯುತ್ತಮವನ್ನು ಅರಸದೆ ಸಾಕೆನಿಸಿದ್ದನ್ನು ಆರಿಸಿಕೊಳ್ಳುತ್ತಾನೆಂದು 1978ರ ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ವಾದಿಸಿದ್ದರು. ಆ ‘ಸಾಕು’ ಎಷ್ಟು ಎಂಬುದನ್ನು ಗಣಿತ ಅಳೆದು ಹೇಳುತ್ತದೆ.

ಆದ್ದರಿಂದ ಸರ್ಕಾರಿ ಟೆಂಡರುಗಳಲ್ಲಿ ಒಂದು ಪ್ರಶ್ನೆ ಕಡ್ಡಾಯವಾಗಲಿ: ನೀವು ಕೊಡುವ ಪರಿಹಾರ ಅತ್ಯುತ್ತಮಕ್ಕಿಂತ ಎಷ್ಟು ಹಿಂದೆ ಬೀಳಬಹುದು? ಅಂಕಿಯಲ್ಲಿ ಉತ್ತರಿಸದವರಿಗೆ ಸಾರ್ವಜನಿಕರ ಹಣ ಸಲ್ಲಬಾರದು. ಜಟಿಲತೆಯ ನೆಪ ಹೇಳಿ ಕಡತ ಮುಚ್ಚುವ ಅಧಿಕಾರಿಗೂ ಇದೇ ಪ್ರಶ್ನೆ ಕೇಳಬೇಕು: ಅತ್ಯುತ್ತಮ ಬೇಡ, ಸಾಕಷ್ಟು ಒಳ್ಳೆಯದನ್ನಾದರೂ ಏಕೆ ಮಾಡಲಿಲ್ಲ?