ಶಾಲೆಯ ತಂಡಕ್ಕೂ ಒಂದು ಚಪ್ಪಾಳೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಬೋಧನಾಭ್ಯಾಸಕ್ಕೆ ಹೋಗುವ ನಾವು ಮಕ್ಕಳ ಗಮನ ಸೆಳೆಯಲು ಮೆಸ್ಸಿ, ಕೊಹ್ಲಿಯರ ಹೆಸರು ಹೇಳುತ್ತೇವೆ. ಹೇಳಲಿ. ಆದರೆ ಹೋಬಳಿ ಮಟ್ಟದ ಖೊ-ಖೊ ಆಡಿ ಬಂದ ಹುಡುಗಿಯೂ ಅದೇ ತರಗತಿಯಲ್ಲಿ ಕೂತಿರುತ್ತಾಳೆ. ಅವಳ ತಂಡದ ಅಂಕವೆಷ್ಟೆಂದು ಯಾರೂ ಕೇಳುವುದಿಲ್ಲ ಎಂಬುದೇ ನನ್ನ ತಕರಾರು.

ಪಾವಗಡದ ಮಗು ಎಷ್ಟು ಕೂಗಿದರೂ ಬಾರ್ಸಿಲೋನಾಕ್ಕೆ ಕೇಳಿಸದು. ಶಾಲೆಯ ತಂಡಕ್ಕೆ ಕೇಳಿಸುತ್ತದೆ. ಮುಂದಿನ ವರ್ಷ ಆ ಮಗುವೇ ತಂಡದಲ್ಲಿರಬಹುದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೂ ಹಳೆಯ ಹೆಸರಿರಲಿಲ್ಲ. ಊರಿನ ಅಭಿಮಾನಿಗಳು ಕಂಠೀರವ ಕ್ರೀಡಾಂಗಣದಲ್ಲಿ ಅದರ ಬೆನ್ನಿಗೆ ನಿಂತರು. ದೊಡ್ಡ ತಂಡವಾಗಲಿ ಎಂದು ಅವರು ಕಾಯಲಿಲ್ಲ.

ನಾವು ಮಾಡಬಹುದಾದದ್ದು ಇಷ್ಟೇ. ಗಣಿತದ ಪಾಠಯೋಜನೆಯಲ್ಲಿ ಕೂಡುವ, ಕಳೆಯುವ ಲೆಕ್ಕಕ್ಕೆ ಶಾಲಾ ತಂಡದ ಅಂಕಗಳನ್ನೇ ಬಳಸೋಣ. ಕನ್ನಡ ಅವಧಿಯಲ್ಲಿ ಮಕ್ಕಳಿಂದಲೇ ಪಂದ್ಯದ ವರದಿ ಬರೆಸಿ ಸೂಚನಾ ಫಲಕಕ್ಕೆ ಹಚ್ಚೋಣ. ಅಂಕಣಕ್ಕಿಳಿಯುವ 9 ಮಂದಿಯ ಹಿಂದೆ ಇಡೀ ಶಾಲೆ ಇದೆಯೆಂದು ಗೊತ್ತಾದರೆ, ಸೋತ ಮರುದಿನವೂ ಅವರು ತಲೆಯೆತ್ತಿ ತರಗತಿಗೆ ಬಂದಾರು.