ಶೌಚಕುಂಡದ ನೀರು ಎಲ್ಲಿಗೆ ಹೋಗುತ್ತದೆ?

ನಲ್ಲಿ ತೊಟ್ಟಿಕ್ಕಿದರೆ ನಾವು ಸುಮ್ಮನಿರುವುದಿಲ್ಲ. ಆ ಸದ್ದು ನಿದ್ದೆ ಕೆಡಿಸುತ್ತದೆ, ನೀರಿನ ತೆರಿಗೆಯೂ ಏರುತ್ತದೆ. ಶೌಚಗೃಹದ ಪಿಂಗಾಣಿ ಕುಂಡದಲ್ಲಿ ರಾತ್ರಿ ನಿಂತಿದ್ದ ನೀರು ಬೆಳಗಾಗುವಷ್ಟರಲ್ಲಿ ಎರಡು ಬೆರಳಿನಷ್ಟು ಇಳಿದಿದ್ದರೆ ಮಾತ್ರ ಯಾರೂ ಚಿಂತಿಸುವುದಿಲ್ಲ. ಸದ್ದಿಲ್ಲ, ಖರ್ಚಿಲ್ಲ, ಒಂದು ತಂಬಿಗೆ ನೀರು ಸುರಿದರೆ ಮಟ್ಟ ಮತ್ತೆ ಸರಿಹೋಗುತ್ತದೆ. ಈ ಉದಾಸೀನವು ತಪ್ಪೆಂದೂ, ಗಮನಿಸಿದವರು ಕೂಡ ಕಾರಣವನ್ನು ಹುಡುಕದೆ ಕುಂಡವನ್ನೇ ಕಿತ್ತುಹಾಕುವುದು ಇನ್ನೂ ದೊಡ್ಡ ತಪ್ಪೆಂದೂ ನಮ್ಮ ಅಭಿಪ್ರಾಯ.

ಆ ನೀರು ಅಲ್ಲಿ ನಿಂತಿರುವುದು ಕೇವಲ ಶುಚಿತ್ವಕ್ಕಾಗಿ ಅಲ್ಲ. ಕುಂಡದಿಂದ ಹೊರಡುವ ಕೊಳವೆಯು ಮೊದಲು ಮೇಲಕ್ಕೆ ಬಾಗಿ, ಒಂದು ದಿಣ್ಣೆಯನ್ನು ದಾಟಿ, ಅನಂತರ ಕೆಳಗಿಳಿಯುತ್ತದೆ. ಬಾಗಿನಲ್ಲಿ ನಿಂತ ನೀರೇ ಮನೆಗೂ ಚರಂಡಿಗೂ ನಡುವಣ ಬಾಗಿಲು. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬಾತನು 1775ರಲ್ಲಿ ಇಂಥ ಬಾಗುಗೊಳವೆಯುಳ್ಳ ಶೌಚಯಂತ್ರಕ್ಕೆ ಪೇಟೆಂಟ್ ಪಡೆದನು. ಈ ನೀರಿನ ತಡೆಯ ಆಳ ಸಾಮಾನ್ಯವಾಗಿ 50 ಮಿಲಿಮೀಟರಿನಷ್ಟು. ವಾಯುಮಂಡಲದ ಒತ್ತಡವು ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮನೆಂಬುದು ವಾಚಕರಿಗೆ ತಿಳಿದಿರುವುದಷ್ಟೆ. ನಮ್ಮ ಬಾಗಿಲು ಅದರ ಇನ್ನೂರರಲ್ಲೊಂದು ಪಾಲನ್ನು ಮಾತ್ರ ತಡೆಯಬಲ್ಲುದು!

ಬಾಗಿಲು ತೆರೆದರೆ ದುರ್ಗಂಧವೊಂದೇ ಒಳಬರುವುದಿಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮಾಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ರೋಗ ತಗಲಿತು. ಸ್ನಾನಗೃಹಗಳ ನೆಲದ ಬಾಗುಗೊಳವೆಗಳು ಒಣಗಿದ್ದುದು, ಗಾಳಿಯನ್ನು ಹೊರದೂಡುವ ಪಂಖಗಳು ಚರಂಡಿಯ ತುಂತುರನ್ನು ಅವುಗಳ ಮೂಲಕ ಒಳಗೆ ಸೆಳೆದುದು, ಇವು ತನಿಖೆ ನಡೆಸಿದವರು ಮುಂದಿಟ್ಟ ಕಾರಣಗಳಲ್ಲಿ ಮುಖ್ಯವಾದುವು. ಅಲ್ಲಿ ಒಣಗಿದುದು ನೆಲದ ಕೊಳವೆ, ಇಲ್ಲಿ ಇಳಿಯುತ್ತಿರುವುದು ಕುಂಡದ ನೀರು; ಬಾಗಿಲಿನ ತತ್ತ್ವ ಎರಡರಲ್ಲಿಯೂ ಒಂದೇ.

ನಮ್ಮ ಪರಿಚಿತರೊಬ್ಬರು ಕೆಲಸಗಾರನ ಮಾತಿನಂತೆ ಹೊಸ ಕುಂಡವನ್ನು ಕೂರಿಸಿದರು. ತಿಂಗಳೊಳಗೆ ಅದರಲ್ಲಿಯೂ ನೀರು ಇಳಿಯಿತು. ತಾರಸಿಗೆ ಹೆಂಚು ಹಾಸಿದಾಗ ಗಾಳಿಗೊಳವೆಯ ಬಾಯಿಯನ್ನು ಗಾರೆಯಿಂದ ಮುಚ್ಚಿಬಿಟ್ಟಿದ್ದುದೇ ಅದಕ್ಕೆ ಕಾರಣವಾಗಿತ್ತು. ಮೇಲಿನ ಮಹಡಿಯವರು ನೀರು ಬಿಟ್ಟಾಗಲೆಲ್ಲ ನಿಲುಗೊಳವೆಯಲ್ಲಿ ಬೀಳುವ ನೀರು ತನ್ನ ಹಿಂದೆ ಗಾಳಿಯನ್ನು ಸೆಳೆಯುತ್ತಿತ್ತು. ಬೇರೆ ದಾರಿ ಕಾಣದ ಗಾಳಿಯು ಕುಂಡದ ನೀರನ್ನೇ ದಿಣ್ಣೆಯಾಚೆಗೆ ತಳ್ಳುತ್ತಿತ್ತು. ಹೊಸ ಪಿಂಗಾಣಿಗೆ ಇದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಎಷ್ಟು ನೀರು ಇಳಿಯಿತೆಂಬುದಕ್ಕಿಂತ ಹೇಗೆ ಇಳಿಯಿತೆಂಬುದನ್ನು ನೋಡಬೇಕು. ಕುಂಡದ ಒಳಮೈಯಲ್ಲಿ ಮೇಣದ ಬಣ್ಣದ ಕಡ್ಡಿಯಿಂದ ನೀರಿನ ಮಟ್ಟವನ್ನು ಗುರುತಿಸಿ, ಕೆಲವು ಗಂಟೆಗಳಿಗೊಮ್ಮೆ ಹೊಸ ಗೆರೆ ಎಳೆದರೆ ಸಾಕು. ಮಟ್ಟವು ಬಹಳ ಹೊತ್ತು ಸ್ಥಿರವಾಗಿದ್ದು ಥಟ್ಟನೆ ಮೆಟ್ಟಿಲಿನಂತೆ ಕುಸಿದರೆ ಮೇಲೆ ಹೇಳಿದ ಸೆಳೆತವೇ ಕಾರಣ. ಬಿರುಗಾಳಿಯ ದಿನ ನೀರು ತೊಟ್ಟಿಲಿನಂತೆ ತೂಗುವುದೂ ಗಾಳಿಗೊಳವೆಯ ತುದಿಯಲ್ಲಿ ಉಂಟಾಗುವ ಸೆಳೆತದಿಂದಲೇ. ನೀರು ಬಿಟ್ಟ ಕೂಡಲೇ ಮಟ್ಟ ತಗ್ಗಿದ್ದು ಮತ್ತೆ ಇಳಿಯದಿದ್ದರೆ ಅದು ಸೋರಿಕೆಯಲ್ಲ. ತೊಟ್ಟಿಯಿಂದ ಕುಂಡಕ್ಕೆ ಬರಬೇಕಾದ ಮರುಪೂರಣದ ನೀರು ಬಂದಿಲ್ಲ, ಅಷ್ಟೆ.

ನೀರು ಆವಿಯಾಗಿ ಹೋಯಿತೆಂದು ಹಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಇದನ್ನು ಪರೀಕ್ಷಿಸಲು ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ. ಅದರ ಮಟ್ಟವೂ ಕುಂಡದ ಮಟ್ಟವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಇಳಿದರೆ ಆವಿಯ ಮಾತು ನಿಜ. ಬಯಲುಸೀಮೆಯ ಬೇಸಗೆಯಲ್ಲಿ ಕೂಡ ಮನೆಯೊಳಗೆ ಇದು ದಿನಕ್ಕೆ ಕೆಲವೇ ಮಿಲಿಮೀಟರು. ಒಂದು ರಾತ್ರಿಗೆ ಎರಡು ಬೆರಳು ಖಂಡಿತ ಅಲ್ಲ. ವಾರಗಟ್ಟಲೆ ಊರಿಗೆ ಹೋಗುವವರು ನೀರಿನ ಮೇಲೆ ಒಂದೆರಡು ಚಮಚ ಅಡುಗೆಯೆಣ್ಣೆ ಹಾಕಿದರೆ ಆವಿಯಾಗುವುದು ಬಹುಮಟ್ಟಿಗೆ ತಗ್ಗುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯವಾದ ಕಾರಣವೆಂದರೆ ಒಂದು ನೂಲಿನೆಳೆ. ನೆಲ ಒರೆಸುವ ಬಟ್ಟೆಯ ದಾರವೊ, ಕೂದಲ ಗಂಟೊ, ತೆಂಗಿನ ನಾರೊ ದಿಣ್ಣೆಯ ಮೇಲೆ ಸಿಕ್ಕಿಕೊಂಡು, ಒಂದು ತುದಿ ಕುಂಡದ ನೀರಿನಲ್ಲಿಯೂ ಇನ್ನೊಂದು ತುದಿ ಆಚೆಯ ಕೊಳವೆಯಲ್ಲಿಯೂ ಇಳಿಬಿದ್ದಿದೆಯೆಂದು ಭಾವಿಸೋಣ. ಕೇಶಾಕರ್ಷಣದಿಂದ ನೀರು ಎಳೆಗಳ ಸಂದುಗಳಲ್ಲಿ ಏರಿ ದಿಣ್ಣೆಯನ್ನು ದಾಟುತ್ತದೆ. ಆಚೆಗೆ ತನ್ನ ಭಾರದಿಂದಲೇ ಇಳಿದು ತೊಟ್ಟುತೊಟ್ಟಾಗಿ ಬೀಳುತ್ತದೆ. ಹಣತೆಯ ಬತ್ತಿ ಎಣ್ಣೆಯನ್ನು ಹೀರುವುದೂ ಇದೇ ಬಗೆಯಲ್ಲಿ. ಮಟ್ಟ ಇಳಿದಂತೆಲ್ಲ ನೀರು ಹೆಚ್ಚು ಎತ್ತರಕ್ಕೆ ಏರಬೇಕಾಗುವುದರಿಂದ ವೇಗ ಮೊದಲು ಹೆಚ್ಚಾಗಿದ್ದು ಬರುಬರುತ್ತ ಕುಗ್ಗುತ್ತದೆ. ಕಾಲೇಜಿನಲ್ಲಿ ಕೇಶಾಕರ್ಷಣವನ್ನು ಗಾಜಿನ ಸಣ್ಣ ನಳಿಗೆಗಳಿಂದಲೂ ಸೈಫನ್ನನ್ನು ಎರಡು ಬೀಕರುಗಳಿಂದಲೂ ನಾವು ತೋರಿಸುತ್ತೇವೆ; ವಿದ್ಯಾರ್ಥಿಯು ಅಂಕ ಪಡೆದು ಮನೆಗೆ ಹೋಗಿ, ಅದೇ ನಿಯಮವು ತನ್ನ ಮನೆಯ ಬಾಗಿಲನ್ನು ತೆರೆಯುತ್ತಿರುವುದನ್ನು ಕಾಣುವುದಿಲ್ಲ. ಪಾಠಕ್ರಮದಲ್ಲಿ ಈ ಕುಂಡಕ್ಕೂ ಸ್ಥಾನವಿರಬೇಕೆಂದರೆ ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ಪರಿಹಾರವಂತೂ ಸುಲಭ: ಎರಡು ಮೂರು ಬಕೆಟ್ ನೀರನ್ನು ರಭಸದಿಂದ ಸುರಿಯುವುದು, ಅಥವಾ ಬಾಗುವ ತಂತಿಯಿಂದ ಎಳೆಯನ್ನು ಹೊರತೆಗೆಯುವುದು.

ಇಷ್ಟಾದ ಮೇಲೂ ನೀರು ಇಳಿದು ಪ್ರತಿ ಸಲವೂ ಒಂದೇ ಗೆರೆಯಲ್ಲಿ ನಿಂತರೆ, ಆ ಗೆರೆಯ ಮಟ್ಟದಲ್ಲಿ ಪಿಂಗಾಣಿ ಬಿರಿದಿದೆಯೆಂದು ಶಂಕಿಸಬೇಕು. ನೀರಿಗೆ ಬಣ್ಣ ಬೆರೆಸಿ ನೋಡಿರಿ. ನೆಲದ ಮೇಲೆ ಬಣ್ಣ ಕಂಡರೆ ಬಿರುಕು ಹೊರಮೈಯಲ್ಲಿದೆ. ಎಲ್ಲಿಯೂ ಕಾಣದಿದ್ದರೆ ಒಳಗಿನ ಬಾಗಿನ ಗೋಡೆಯಲ್ಲಿರಬೇಕು. ಅಲ್ಲಿಗೆ ಹೊರಗಿನಿಂದ ಬಳಿದ ಸಿಮೆಂಟು ತಲುಪುವುದಿಲ್ಲವಾದ್ದರಿಂದ ಕುಂಡವನ್ನು ಬದಲಿಸದೆ ಗತಿಯಿಲ್ಲ.