ಆಟೋ ಹೆಲ್ಮೆಟ್ ಷೋಕಿ ಅಲ್ಲ, ಪಟ್ಟಿ ಹಿಡಿಯೋ ಹುಡುಗನ ಕಣ್ಣು ಪುಕ್ಕಟೆ ಅಲ್ಲ

ನಡುರಾತ್ರಿ ಕಣ್ಣಲ್ಲಿ ಉಸುಕು ಸುರಿದಂತಾಗಿ ಎದ್ದು ಕೂತ ಹುಡುಗರನ್ನು ನಾವು ನೋಡಿದ್ದೇವೆ. ನಮ್ಮ ಬಳಗದ ಇಬ್ಬರ ಮನೆಯಲ್ಲೇ ಅಂಥ ತಮ್ಮಂದಿರಿದ್ದಾರೆ. ಹಗಲೆಲ್ಲ ವೆಲ್ಡಿಂಗ್ ಅಂಗಡಿಯಲ್ಲಿ ಗೇಟಿನ ಪಟ್ಟಿ ಹಿಡಿದು ನಿಂತು ಬಂದವರು. ಉಂಡು ಮಲಗುವಾಗ ಏನೂ ಇರಲಿಲ್ಲ. ರಾತ್ರಿ ಎರಡಕ್ಕೆ ಕಣ್ಣು ಬಿಡಲಾಗದೆ, ನೀರು ಸುರಿಸುತ್ತ ಗೋಡೆಗೆ ಮುಖ ಮಾಡಿ ಕೂತಿದ್ದರು. ಅವ್ವ ಆಲೂಗಡ್ಡೆ ಹೆಚ್ಚಿ ಕಣ್ಣ ಮೇಲೆ ಇಟ್ಟಳು. ಬೆಳಿಗ್ಗೆ ಅಂಗಡಿಯಿಂದ ಫೋನು: "ಯಾಕ ಬರಲಿಲ್ಲ? ಮೊದಲ ಹಂಗ ಆಕ್ಕೈತಿ, ಆಮ್ಯಾಲ ರೂಢಿ ಆಕ್ಕೈತಿ, ಬಾ."

ರೂಢಿ ಆಗುವುದಿಲ್ಲ. ಈ ಬರಹ ಆ ಒಂದು ಮಾತಿನ ವಿರುದ್ಧ.

ವೆಲ್ಡಿಂಗ್ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಇರುತ್ತದೆ. ಅದು ಕಣ್ಣಿನ ಮುಂದಿನ ಪಾರದರ್ಶಕ ಪದರವನ್ನು, ಅಂದರೆ ಕಾರ್ನಿಯಾವನ್ನು, ಬಿಸಿಲು ಚರ್ಮವನ್ನು ಸುಟ್ಟಂತೆ ಸುಡುತ್ತದೆ. ನೋವು ತಕ್ಷಣ ಬರುವುದಿಲ್ಲ, ಆರರಿಂದ ಹನ್ನೆರಡು ತಾಸು ಬಿಟ್ಟು ಬರುತ್ತದೆ. ಅದಕ್ಕೇ ಮಾಲೀಕನಿಗೆ ಅದು ಕಾಣುವುದಿಲ್ಲ, ಹುಡುಗನ ಅವ್ವನಿಗೆ ಕಾಣುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಯುತ್ತದೆ ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ಕೂತು ಪರಿಶೀಲಿಸಿ, ವೆಲ್ಡಿಂಗ್ ಹೊಗೆ ಮತ್ತು ವೆಲ್ಡಿಂಗಿನ ಅತಿನೇರಳೆ ಕಿರಣ ಎರಡೂ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲವು ಎಂದು ಮೊದಲ ಗುಂಪಿನಲ್ಲೇ ಇಟ್ಟಿತು. ವರ್ಷಗಟ್ಟಲೆ ಹೀಗೆ ಕಣ್ಣು ಸುಟ್ಟುಕೊಳ್ಳುವುದನ್ನು ರೂಢಿ ಎಂದು ಕರೆಯಬೇಡಿ.

ಈಗ ಗಾಜಿನ ಮಾತಿಗೆ ಬರೋಣ. ನಮ್ಮ ಕಡೆಯ ಅಂಗಡಿಗಳಲ್ಲಿ ಎರಡು ಪಂಗಡ ಇವೆ. ಹಳಬರು ಹೇಳುವುದು: "ಕರಿ ಗಾಜಿನ ಶೀಲ್ಡ್ ಸಾಕು. ಆಟೋ ಹೆಲ್ಮೆಟ್ ಅಂದ್ರ ಷೋಕಿ. ಬ್ಯಾಟರಿ ಹೋದ್ರ ಕಣ್ಣೂ ಹೋತು." ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದ ಹುಡುಗರು ಹೇಳುವುದು: "ಆಟೋ ತಗೊಂಡ್ರ ಮುಗೀತು, ಇನ್ನೇನೂ ಬ್ಯಾಡ." ಇಬ್ಬರೂ ಅರ್ಧ ಸತ್ಯ ಹೇಳುತ್ತಿದ್ದಾರೆ ಎಂಬುದು ನಮ್ಮ ವಾದ.

ಮೊದಲು ಕರಿ ಗಾಜು. ಒಳ್ಳೆಯ ಕರಿ ಗಾಜಿನಲ್ಲಿ ಕೆಡುವಂಥದ್ದು ಏನೂ ಇಲ್ಲ. ಬ್ಯಾಟರಿ ಬೇಡ, ಅಗ್ಗ, ಒಡೆದರೆ ಬದಲಿಸಬಹುದು. ಟ್ರಾಲಿ ಚಾಸಿಗೆ ಉದ್ದಕ್ಕೆ ವೆಲ್ಡ್ ಎಳೆಯುವವನಿಗೆ ಅದು ಸಾಕೋ ಸಾಕು. ಗಾಜಿನ ನಂಬರ್ ಮಾತ್ರ ಸರಿ ಇರಬೇಕು. ನಮ್ಮಲ್ಲಿ ಹೆಚ್ಚು ಓಡುವ 10 ಗೇಜ್ ರಾಡಿಗೆ, ನೂರು ಆಂಪಿಯರ್ ಆಸುಪಾಸಿನಲ್ಲಿ, 10 ಇಲ್ಲವೇ 11ನೇ ನಂಬರ್. ಕರೆಂಟ್ ಜಾಸ್ತಿ ಇಟ್ಟು ದಪ್ಪ ರಾಡು ಓಡಿಸಿದರೆ 12. ಗ್ಯಾಸ್ ಕಟಿಂಗಿನ ಹಸಿರು ಕನ್ನಡಕ ಸಾಮಾನ್ಯವಾಗಿ 5ನೇ ನಂಬರ್ ಒಳಗೇ ಇರುತ್ತದೆ. ಅದನ್ನು ಹಾಕಿಕೊಂಡು ಆರ್ಕ್ ಹೊಡೆಯುವವರನ್ನು ನಾವು ದಿನಾ ನೋಡುತ್ತೇವೆ. ಜಾತ್ರೆಯಲ್ಲಿ ಕೊಂಡ ಕೂಲಿಂಗ್ ಗ್ಲಾಸ್ ಹಾಕಿದವರನ್ನೂ ನೋಡುತ್ತೇವೆ. ಅದು ಬರೀ ಬಣ್ಣ.

ಹಾಗಾದರೆ ಕರಿ ಗಾಜಿನ ತೊಂದರೆ ಎಲ್ಲಿ? ಅದು ಕೈಗೆ ಸಂಬಂಧಿಸಿದ್ದು. ರಾಡು ತಾಗುವ ತನಕ ಅದರೊಳಗಿಂದ ಏನೂ ಕಾಣುವುದಿಲ್ಲ. ಬಲಗೈಯಲ್ಲಿ ಹೋಲ್ಡರ್, ಎಡಗೈಯಲ್ಲಿ ಶೀಲ್ಡ್, ಮತ್ತೆ ಪಟ್ಟಿ ಹಿಡಿಯುವವರು ಯಾರು? ಒಂದು ಕಿಟಕಿ ಗ್ರಿಲ್ಲಿಗೆ ಎಷ್ಟು ಟ್ಯಾಕ್ ಬೀಳುತ್ತವೆ ನೀವೇ ಎಣಿಸಿ ನೋಡಿ. ಪ್ರತಿ ಟ್ಯಾಕಿಗೂ ಶೀಲ್ಡ್ ಎತ್ತು, ಇಳಿಸು. ಹತ್ತು ಸಲ ಮಾಡಿದವನು ಹನ್ನೊಂದನೇ ಸಲ ಶೀಲ್ಡನ್ನು ನೆಲಕ್ಕಿಟ್ಟು, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ಹೊಡೆಯುತ್ತಾನೆ. ಅವನು ಸೋಮಾರಿ ಅಲ್ಲ. ಕೆಲಸವೇ ಅವನ ಕೈಯಿಂದ ಶೀಲ್ಡ್ ಕಿತ್ತುಕೊಳ್ಳುತ್ತದೆ.

ಕಣ್ಣು ಮುಚ್ಚಿ ಹೊಡೆದರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು. ರೆಪ್ಪೆ ಮುಚ್ಚುವ ಮೊದಲೇ ಬೆಳಕು ಬಂದಿರುತ್ತದೆ. ಒಂದೊಂದು ಟ್ಯಾಕಿನ ಬೆಳಕೂ ಕಣ್ಣಿನ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಆ ಲೆಕ್ಕ ಸಂಜೆ ಹೊತ್ತಿಗೆ ತುಂಬುತ್ತದೆ, ರಾತ್ರಿ ಎರಡಕ್ಕೆ ಬಾಕಿ ಕೇಳಲು ಬರುತ್ತದೆ.

ಆಟೋ ಹೆಲ್ಮೆಟ್ ಹುಟ್ಟಿದ್ದೇ ಈ ತೊಂದರೆಗೆ. 1981ರಲ್ಲಿ ಸ್ವೀಡನ್ನಿನಲ್ಲಿ ಮೊದಲು ಮಾರುಕಟ್ಟೆಗೆ ಬಂತು. ತಲೆಗೆ ಹಾಕಿಕೊಂಡರೆ ಎರಡೂ ಕೈ ಖಾಲಿ. ಸುಮ್ಮನಿದ್ದಾಗ ಅದರ ಗಾಜು 3 ಅಥವಾ 4ನೇ ನಂಬರಿನಷ್ಟು ತಿಳಿ ಇರುತ್ತದೆ, ಪಟ್ಟಿ, ಮೂಲೆ, ಗುರುತು ಎಲ್ಲ ಕಾಣುತ್ತದೆ. ರಾಡು ತಾಗಿದೊಡನೆ ಸೆನ್ಸರ್ ಬೆಳಕನ್ನು ಹಿಡಿದು ಗಾಜನ್ನು ಕಪ್ಪು ಮಾಡುತ್ತದೆ. ಒಳಗಿರುವುದು ಕ್ಯಾಲ್ಕುಲೇಟರ್ ಪರದೆಯಲ್ಲಿರುವಂಥ ದ್ರವ ಸ್ಫಟಿಕ. ಈಗಿನ ಹೆಚ್ಚಿನ ಹೆಲ್ಮೆಟ್ಟುಗಳ ಮೇಲೆ ಬರೆದಿರುವ ವೇಗ ಸೆಕೆಂಡಿನ 25,000ದಲ್ಲಿ ಒಂದು ಪಾಲು. ರೆಪ್ಪೆಗೆ ಆ ವೇಗ ಕನಸಿನಲ್ಲೂ ಇಲ್ಲ.

ಇನ್ನು "ಬ್ಯಾಟರಿ ಹೋದ್ರ ಕಣ್ಣೂ ಹೋತು" ಎಂಬ ಮಾತು. ಇದು ತಪ್ಪು, ಯಾಕೆ ಎಂಬುದನ್ನು ಪ್ರತಿಯೊಬ್ಬ ವೆಲ್ಡರ್ ತಿಳಿದಿರಬೇಕು. ಸರಿಯಾದ ಆಟೋ ಗಾಜಿನಲ್ಲಿ ಎರಡು ಕೆಲಸ ಬೇರೆ ಬೇರೆ ನಡೆಯುತ್ತವೆ. ಅತಿನೇರಳೆ ಕಿರಣವನ್ನೂ ಶಾಖದ ಕಿರಣವನ್ನೂ ತಡೆಯುವ ಪದರ ಯಾವಾಗಲೂ ಅಲ್ಲೇ ಇರುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಬ್ಯಾಟರಿ ಬೇಕಾದದ್ದು ಕಪ್ಪಾಗುವುದಕ್ಕೆ ಮಾತ್ರ. ಬ್ಯಾಟರಿ ಸತ್ತರೆ ಕಣ್ಣು ಕೋರೈಸುತ್ತದೆ, ಕೆಲಸ ನಿಲ್ಲಿಸಬೇಕಾಗುತ್ತದೆ. ರಾತ್ರಿಯ ಉಸುಕಿಗೆ ಕಾರಣವಾದ ಕಿರಣ ಆಗಲೂ ಒಳಗೆ ಬರುವುದಿಲ್ಲ.

ಇದೇ ಮಾತು ಎರಡನೇ ಪಂಗಡಕ್ಕೂ ಎಚ್ಚರಿಕೆ. ಗಾಜು ಕಪ್ಪಾಯಿತು ಎಂದ ಮಾತ್ರಕ್ಕೆ ಆ ಕಿರಣ ತಡೆಯಿತು ಎಂದು ಅರ್ಥವಲ್ಲ. ಕಪ್ಪಾಗುವುದು ಕಣ್ಣಿಗೆ ಕಾಣುತ್ತದೆ, ಕಿರಣ ತಡೆಯುವುದು ಕಾಣುವುದಿಲ್ಲ. ಅದನ್ನು ಹೇಳುವುದು ಗಾಜಿನ ಮೇಲಿನ ಗುರುತು ಮಾತ್ರ. ಆಟೋ ಗಾಜಾದರೆ ಇಎನ್ 379 ಅಥವಾ ಎಎನ್‌ಎಸ್‌ಐ ಝಡ್ 87.1 ಎಂಬುದನ್ನು ಹುಡುಕಿ. ನಮ್ಮ ದೇಶದ ವೆಲ್ಡಿಂಗ್ ಶೀಲ್ಡಿನ ಮಾನದಂಡ ಐಎಸ್ 1179. ಯಾವ ಗುರುತೂ ಇಲ್ಲದ, ಬೆಂಕಿ ಚಿತ್ರ ಮಾತ್ರ ಇರುವ ಹೆಲ್ಮೆಟ್ಟಿಗೆ ದುಡ್ಡು ಹಾಕಬೇಡಿ. ಅದಕ್ಕಿಂತ ಗುರುತಿರುವ ಕರಿ ಗಾಜು ಮೇಲು.

ಇನ್ನೂ ಎರಡು ಮಾತು. ಪೈಪಿನ ಹಿಂದೆ, ಮೂಲೆಯಲ್ಲಿ ಬಗ್ಗಿ ಹೊಡೆಯುವಾಗ ಸೆನ್ಸರಿಗೆ ಏನಾದರೂ ಅಡ್ಡ ಬಂದರೆ ಗಾಜು ಕಪ್ಪಾಗದೆ ಇರಬಹುದು. ಎರಡು ಸೆನ್ಸರಿನದಕ್ಕಿಂತ ನಾಲ್ಕರದು ಒಳ್ಳೆಯದು. ಗ್ರೈಂಡಿಂಗ್ ಮೋಡ್‌ಗೆ ತಿರುಗಿಸಿ ಮರೆತು ಆರ್ಕ್ ಹೊಡೆದರೆ ಅದು ಕಪ್ಪಾಗುವುದೇ ಇಲ್ಲ. ಹೆಲ್ಮೆಟ್ ಜಾಣ ಇರಬಹುದು, ನೀವೂ ಇರಬೇಕು.

ಈಗ ನಮ್ಮ ನಿಲುವು ನೇರವಾಗಿ ಹೇಳುತ್ತೇವೆ. ಗೇಟು, ಗ್ರಿಲ್ಲು, ಶೆಡ್ಡು, ಅಂದರೆ ಟ್ಯಾಕೇ ಜಾಸ್ತಿ ಇರುವ ಅಂಗಡಿಯಲ್ಲಿ ಹೊಡೆಯುವವನಿಗೆ ಆಟೋ ಬೇಕೇ ಬೇಕು. ಉದ್ದ ವೆಲ್ಡಿಂಗ್ ಮಾತ್ರ ಮಾಡುವವನಿಗೆ ತಲೆಗೆ ಹಾಕುವ ಕರಿ ಗಾಜಿನ ಹೆಲ್ಮೆಟ್ ಸಾಕು. ಮುಂದಿನ ಕರಿ ಗಾಜನ್ನು ಮೇಲೆತ್ತಿದರೆ ಒಳಗೆ ಬಿಳಿ ಗಾಜು ಉಳಿಯುವಂಥದ್ದು ಸಿಕ್ಕರೆ ಸ್ಲ್ಯಾಗ್ ಬಡಿಯುವಾಗಲೂ ಕಣ್ಣು ಉಳಿಯುತ್ತದೆ. ಮತ್ತು ಪಟ್ಟಿ ಹಿಡಿಯುವ ಹುಡುಗನಿಗೆ ಇವೆರಡರಲ್ಲಿ ಒಂದು ಇರಲೇಬೇಕು.

ನಮಗೆ ಸಿಟ್ಟು ಬರುವುದು ಇಲ್ಲೇ. ಮಾಲೀಕ ಹೊಸ ಆಟೋ ಹೆಲ್ಮೆಟ್ ಹಾಕಿಕೊಂಡಿರುತ್ತಾನೆ, ಎರಡಡಿ ದೂರದಲ್ಲಿ ಹುಡುಗ ಬರಿಗಣ್ಣಲ್ಲಿ ಪಟ್ಟಿ ಹಿಡಿದು ಮುಖ ತಿರುಗಿಸಿರುತ್ತಾನೆ. ಹೊಡೆಯುವವನಿಗೆ ಬೆಳಕು ಯಾವಾಗ ಬರುತ್ತದೆಂದು ಗೊತ್ತು. ಹಿಡಿಯುವವನಿಗೆ ಅದೂ ಗೊತ್ತಿಲ್ಲ. ಕಡಿಮೆ ಸಂಬಳದವನ ಕಣ್ಣಿಗೆ ಕಡಿಮೆ ಬೆಲೆಯೇ? ದುಡ್ಡು ಒಂದಕ್ಕೇ ಇದ್ದರೆ ಒಂದು ಆಟೋ ಬೇಡ, ಎರಡು ಕರಿ ಗಾಜಿನ ಹೆಲ್ಮೆಟ್ ತನ್ನಿ. ಆಟೋ ಆಮೇಲೆ ತಂದರಾಯಿತು. ಹೊಡೆಯುವ ಮೊದಲು "ಮುಚ್ಚಲೇ" ಎಂದು ಕೂಗುವುದಕ್ಕೆ ದುಡ್ಡೇ ಬೇಡ.

"ಲಾಭ ಎಲ್ಲೈತ್ರೀ?" ಎಂದು ಕೇಳುವ ಅಣ್ಣಂದಿರಿಗೆ ಲೆಕ್ಕ ಕೊಡುತ್ತೇವೆ. ಎರಡು ಸಾವಿರದ ಆಟೋ ಹೆಲ್ಮೆಟ್ ಒಂದೇ ವರ್ಷ ಬಾಳಿತು ಎಂದುಕೊಳ್ಳಿ. ಮುನ್ನೂರು ದಿನದ ಕೆಲಸಕ್ಕೆ ದಿನಕ್ಕೆ ಏಳು ರೂಪಾಯಿಗೂ ಕಡಿಮೆ. ಒಂದು ಕಪ್ ಚಹಾ. ಕಣ್ಣುರಿದು ಹುಡುಗ ಎರಡು ದಿನ ಬಾರದಿದ್ದರೆ ನಿಮಗೆ ಹೋಗುವುದು ಎಷ್ಟು?

ಕಾನೂನೂ ಸುಮ್ಮನಿರಲಿಲ್ಲ. ಅತಿಯಾದ ಬೆಳಕಿನಿಂದ ಕಣ್ಣಿಗೆ ಅಪಾಯ ಇರುವ ಕೆಲಸಕ್ಕೆ ಪರದೆ ಇಲ್ಲವೇ ಕನ್ನಡಕ ಒದಗಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 35ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ಕರೆಂಟ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ ಆಗಿತ್ತು. ನಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ಮೂರು ಜನರ ಅಂಗಡಿಗೆ ಆ ಕಾಯ್ದೆ ಬಾಗಿಲು ತಟ್ಟಲೇ ಇಲ್ಲ. ಹಾಗಾಗಿ ಬಾಗಿಲು ತಟ್ಟಬೇಕಾದವರು ನಾವೇ.

ಕಣ್ಣುರಿ ಬಂದವರಿಗೆ: ಆಲೂಗಡ್ಡೆ, ಎದೆಹಾಲು, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಮರಗಟ್ಟಿಸುವ ಡ್ರಾಪ್ಸ್ ಪದೇ ಪದೇ ಹಾಕಿಕೊಂಡರೆ ಗಾಯ ಮಾಯುವುದು ನಿಧಾನವಾಗುತ್ತದೆ, ಕಾರ್ನಿಯಾವೇ ಹಾಳಾಗಬಹುದು. ಕಣ್ಣುಜ್ಜದೆ, ಕತ್ತಲಲ್ಲಿ ಇದ್ದು, ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಕೊನೆಗೆ ಗಿರಾಕಿಗಳಾದ ನಮ್ಮ ನಿಮ್ಮ ಮಾತು. ಗೃಹಪ್ರವೇಶಕ್ಕೆ ಗೇಟು ನಾಳೆನೇ ಬೇಕು ಎಂದು ಅವಸರ ಮಾಡುವವರು ನಾವು. ನೂರು ಇನ್ನೂರಕ್ಕೆ ಚೌಕಾಸಿ ಮಾಡುವವರೂ ನಾವೇ. ಮುಂದಿನ ಸಲ ಆರ್ಡರ್ ಕೊಡುವಾಗ ಪಟ್ಟಿ ಎಷ್ಟು ದಪ್ಪ ಎಂದು ಕೇಳಿದ ಮೇಲೆ ಇನ್ನೊಂದನ್ನೂ ಕೇಳಿ: "ಹಿಡಿಯೋ ಹುಡುಗನ ಹೆಲ್ಮೆಟ್ ಎಲ್ಲೈತಿ?" ಉತ್ತರ ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ನಿಮ್ಮ ಮನೆ ಗೇಟಿಗೆ ಯಾರದೋ ಮಗನ ಕಣ್ಣು ಬೆಲೆಯಾಗಬಾರದು.